ಹಿರಿಯರ ಸಮಗ್ರ ತಪಾಸಣೆ: ಮೈಸೂರಿನ ಆಸ್ಪತ್ರೆಯೊಂದರ ಸೇವೆಯ ವಿಮರ್ಶೆ

ಮೈಸೂರಿನ ಖಾಸಗಿ ಆಸ್ಪತ್ರೆಯೊಂದರ ವೃದ್ಧಾಪ್ಯ ಚಿಕಿತ್ಸಾ ವಿಭಾಗದಲ್ಲಿ ಅರವತ್ತು ದಾಟಿದವರಿಗೆಂದೇ ಒಂದು ಸಮಗ್ರ ತಪಾಸಣೆ ನಡೆಯುತ್ತದೆ. ಕಣ್ಣು, ಕಿವಿ, ಪಾದದ ಸ್ಪರ್ಶ, ನಡಿಗೆ, ಸಮತೋಲನ, ನೆನಪು, ಆಲೋಚನಾ ಶಕ್ತಿ ಇವಿಷ್ಟನ್ನೂ ಒಂದೇ ಬೆಳಗಿನಲ್ಲಿ, ಒಂದೇ ಮಹಡಿಯಲ್ಲಿ ಪರೀಕ್ಷಿಸಿ, ಕೊನೆಗೆ ಒಬ್ಬ ವೈದ್ಯರು ಎಲ್ಲ ಫಲಿತಾಂಶಗಳನ್ನೂ ಮುಂದಿಟ್ಟುಕೊಂಡು ಮನೆಯವರೊಂದಿಗೆ ಕುಳಿತು ಮಾತನಾಡುವುದು ಇಲ್ಲಿಯ ಕ್ರಮ. ಶುಲ್ಕ 4,500 ರೂಪಾಯಿ. ರಕ್ತ ಪರೀಕ್ಷೆಯ ಖರ್ಚು ಇದರಲ್ಲಿ ಸೇರಿಲ್ಲ. ನಮ್ಮ ಅತ್ತೆಯವರಿಗಾಗಿ ನಾವು ಈ ಸೇವೆಯನ್ನು ಪಡೆದೆವು. ಕೆ.ಆರ್. ನಗರದ ಕಡೆಯ ಹಳ್ಳಿಯವರಾದ ಅವರಿಗೆ ಈಗ 77 ವರ್ಷ. ನಾಲ್ಕನೆಯ ತರಗತಿಯವರೆಗೆ ಓದಿದ್ದಾರೆ. ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ಇವೆ. ಒಂದೆರಡು ವರ್ಷಗಳಿಂದ ಅವರು ಕೇಳಿದ್ದನ್ನೇ ಮತ್ತೆ ಕೇಳುತ್ತಿದ್ದರು, ಮದುವೆ ಮನೆಗಳಿಗೆ ಬರಲು ಒಪ್ಪುತ್ತಿರಲಿಲ್ಲ, ರಾತ್ರಿ ಎದ್ದಾಗ ಗೋಡೆ ಹಿಡಿದು ನಡೆಯುತ್ತಿದ್ದರು. ನೆಂಟರಿಷ್ಟರು ಇದನ್ನೆಲ್ಲ ಅರಳುಮರಳು ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದರು. ಆಸ್ಪತ್ರೆಯ ಹೆಸರನ್ನು ನಾನು ಬರೆಯುತ್ತಿಲ್ಲ. ಇಂತಹ ತಪಾಸಣೆ ಈಗ ಬೆಂಗಳೂರು, ಮಂಗಳೂರುಗಳಲ್ಲೂ ಹಲವೆಡೆ ಸಿಗುತ್ತಿರುವುದರಿಂದ, ಅದರಲ್ಲಿ ಏನಿರಬೇಕು, ಏನು ಕೇಳಿ ಪಡೆಯಬೇಕು ಎಂಬುದನ್ನು ತಿಳಿಸುವುದೇ ಈ ಬರಹದ ಉದ್ದೇಶ.

ಈ ಸೇವೆಯ ನಿಜವಾದ ಬೆಲೆ ಇರುವುದು ಪರೀಕ್ಷೆಗಳನ್ನು ಒಂದೆಡೆ ಸೇರಿಸಿರುವುದರಲ್ಲಿ. ಬಿಡಿಬಿಡಿಯಾಗಿ ನೋಡಿದರೆ ಇವುಗಳಲ್ಲಿ ಯಾವುದೂ ಅಪರೂಪದ್ದಲ್ಲ. ಕಣ್ಣಿನ ವೈದ್ಯರು ಕಣ್ಣನ್ನು ನೋಡುತ್ತಾರೆ, ಕಿವಿಯ ವೈದ್ಯರು ಕಿವಿಯನ್ನು ನೋಡುತ್ತಾರೆ, ಮಂಡಿನೋವಿಗೆ ಮೂಳೆ ವೈದ್ಯರಿದ್ದಾರೆ. ಆದರೆ ವಯಸ್ಸಾದವರು ಬೀಳುವುದು ಒಂದು ಅಂಗದ ದೋಷದಿಂದಲ್ಲ. ನೆಟ್ಟಗೆ ನಿಲ್ಲಲು ದೇಹವು ಕಣ್ಣು ಕೊಡುವ ನೋಟವನ್ನು, ಒಳಕಿವಿಯ ಅರ್ಧವೃತ್ತಾಕಾರದ ನಾಳಗಳು ಕೊಡುವ ಚಲನೆಯ ಸೂಚನೆಯನ್ನು ಮತ್ತು ಪಾದ, ಕೀಲು, ಸ್ನಾಯುಗಳಿಂದ ಬರುವ ಸ್ಪರ್ಶದ ಅರಿವನ್ನು ನೆಚ್ಚಿಕೊಂಡಿದೆ. ಮೂರನ್ನೂ ಕೂಡಿಸಿ ಅರ್ಥಮಾಡಿಕೊಳ್ಳುವ ಕೆಲಸ ಮಿದುಳಿನದು. ಮೂರು ಕಲ್ಲಿನ ಒಲೆಯಲ್ಲಿ ಒಂದು ಕಲ್ಲು ಸ್ವಲ್ಪ ಕುಸಿದರೂ ಪಾತ್ರೆ ಹೇಗೋ ನಿಲ್ಲುತ್ತದೆ, ಎರಡನೆಯದೂ ಕುಸಿದಾಗ ಮಗುಚಿಕೊಳ್ಳುತ್ತದೆ. ಹಗಲು ಬೆಳಕಿನಲ್ಲಿ ಚೆನ್ನಾಗಿಯೇ ನಡೆಯುವ ಹಿರಿಯರು ಕರೆಂಟು ಹೋದೊಡನೆ ತಡವರಿಸುವುದು ಇದೇ ಕಾರಣಕ್ಕೆ. ಅರವತ್ತೈದು ದಾಟಿದವರಲ್ಲಿ ಸುಮಾರು ಮೂರರಲ್ಲೊಬ್ಬರು ವರ್ಷಕ್ಕೊಮ್ಮೆಯಾದರೂ ಬೀಳುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ಆಸ್ಪತ್ರೆಗೆ ಓಡುವ ಬದಲು, ಬೀಳುವ ಮೊದಲೇ ಈ ಮೂರು ಆಧಾರಗಳನ್ನೂ ಒಟ್ಟಿಗೆ ಪರೀಕ್ಷಿಸುವುದು ಎಷ್ಟು ಸರಳವಾದ, ಎಷ್ಟು ಅಗತ್ಯವಾದ ಕೆಲಸ ಎಂಬುದು ನನಗೆ ಅಲ್ಲಿ ಮನವರಿಕೆಯಾಯಿತು.

ತಪಾಸಣೆ ಆರಂಭವಾಗುವುದು ಕಿವಿಯಿಂದ. ಈ ಅನುಕ್ರಮವನ್ನು ಮೆಚ್ಚಲೇಬೇಕು. ಕಿವಿ ಸರಿಯಾಗಿ ಕೇಳಿಸದವರಿಗೆ ನೆನಪಿನ ಪರೀಕ್ಷೆ ಮಾಡಿದರೆ ಆ ಅಂಕಗಳಿಗೆ ಅರ್ಥವಿರುವುದಿಲ್ಲ. ಶ್ರವಣ ತಜ್ಞೆಯು ಮೊದಲು ಕಿವಿಯೊಳಗೆ ಬೆಳಕು ಬಿಟ್ಟು ನೋಡಿ, ಬಲಗಿವಿಯಲ್ಲಿ ಗಟ್ಟಿಯಾಗಿ ಕೂತಿದ್ದ ಗುಗ್ಗೆಯನ್ನು ತೆಗೆಸಿದರು. ಹಿರಿಯರ ಕಿವುಡಿಗೆ ಇದೊಂದು ಸಾಮಾನ್ಯ ಕಾರಣವೆಂದೂ, ಇದನ್ನು ತೆಗೆಯದೆಯೇ ಶ್ರವಣ ಸಾಧನ ಕೊಳ್ಳುವವರಿದ್ದಾರೆಂದೂ ಅವರು ತಿಳಿಸಿದರು. ಆಮೇಲೆ ಶಬ್ದ ಹೊಗದ ಕೋಣೆಯಲ್ಲಿ ಕೂರಿಸಿ, 250ರಿಂದ 8,000 ಹರ್ಟ್ಜ್‌ವರೆಗಿನ ನಾದಗಳನ್ನು ಒಂದೊಂದಾಗಿ ಕೇಳಿಸಿ ನಕ್ಷೆ ತೆಗೆದರು. ಕೆಳಸ್ವರಗಳಲ್ಲಿ ಹೆಚ್ಚು ಕೊರತೆಯಿಲ್ಲದ ಗೆರೆ ಮೇಲಿನ ಆವರ್ತನಗಳತ್ತ ಹೋದಂತೆ ಇಳಿಜಾರಾಗಿ ಬಿದ್ದಿತ್ತು. ಒಳಕಿವಿಯಲ್ಲಿರುವ ಸೂಕ್ಷ್ಮ ರೋಮಕೋಶಗಳು ವಯಸ್ಸಿನೊಂದಿಗೆ ನಶಿಸುತ್ತವೆ, ಮತ್ತೆ ಹುಟ್ಟುವುದಿಲ್ಲ, ಮತ್ತು ಎತ್ತರದ ಸ್ವರಗಳನ್ನು ಗ್ರಹಿಸುವ ಕೋಶಗಳೇ ಮೊದಲು ಹೋಗುತ್ತವೆ. ಮಾತಿನಲ್ಲಿ ಅ, ಆ, ಓ ಮುಂತಾದ ಸ್ವರಾಕ್ಷರಗಳು ತಗ್ಗಿನ ನಾದದವು, ಬಲವಾದವು. ಸ, ಶ, ತ, ಕ ಮುಂತಾದವು ಎತ್ತರದ, ಕ್ಷೀಣವಾದ ಸದ್ದುಗಳು. ಆದ್ದರಿಂದ ಯಾರೋ ಮಾತನಾಡುತ್ತಿದ್ದಾರೆ ಎಂಬುದು ಗೊತ್ತಾಗುತ್ತದೆ, ಏನು ಹೇಳಿದರೆಂಬುದು ಗೊತ್ತಾಗುವುದಿಲ್ಲ. ಮನೆಯವರು ಗಟ್ಟಿಯಾಗಿ ಕೂಗಿದರೆ ಸ್ವರಾಕ್ಷರಗಳು ಮಾತ್ರ ಇನ್ನಷ್ಟು ಜೋರಾಗುತ್ತವೆ, ಮಾತು ಸ್ಪಷ್ಟವಾಗುವುದಿಲ್ಲ, ಕೇಳುವವರಿಗೆ ಗದರಿಸಿದಂತೆ ಅನ್ನಿಸುತ್ತದೆ. ಎದುರಿಗೆ ಕುಳಿತು, ಮುಖ ಕಾಣುವಂತೆ, ಸ್ವಲ್ಪ ನಿಧಾನವಾಗಿ, ಸಹಜ ದನಿಯಲ್ಲಿ ಮಾತನಾಡಬೇಕೆಂದು ಆ ತಜ್ಞೆ ನಮಗೆಲ್ಲ ತೋರಿಸಿಕೊಟ್ಟರು. ಕೇಳಿದ್ದನ್ನೇ ಕೇಳುವುದಕ್ಕೆ ಮರೆವು ಕಾರಣವಾಗಿರಬೇಕಿಲ್ಲ, ಮೊದಲ ಉತ್ತರ ಕಿವಿಗೆ ತಲುಪದಿರುವುದೂ ಕಾರಣವಾಗಿರಬಹುದು ಎಂದು ಅವರು ಹೇಳಿದ ಮಾತು ನಮ್ಮ ಮನೆಯ ಮಟ್ಟಿಗೆ ಇಡೀ ತಪಾಸಣೆಯ ಶುಲ್ಕಕ್ಕೆ ಸಮನಾಗಿತ್ತು.

ಶ್ರವಣ ಸಾಧನದ ವಿಚಾರದಲ್ಲಿ ಮಾತ್ರ ನನಗೆ ಅಸಮಾಧಾನವಿದೆ. ತಪಾಸಣೆ ಮುಗಿಯುವ ಮೊದಲೇ ಕೆಳಮಹಡಿಯ ಮಾರಾಟ ಮಳಿಗೆಯವರು ಬಂದು ದುಬಾರಿ ಮಾದರಿಗಳ ದರಪಟ್ಟಿಯನ್ನು ಕೈಗಿತ್ತರು. ಅದರಲ್ಲಿ ಮರೆಗುಳಿತನವನ್ನು ಈ ಸಾಧನ ತಡೆಯುತ್ತದೆ ಎಂಬಂತಹ ಸಾಲೂ ಇತ್ತು. ಇದು ಅತಿಶಯೋಕ್ತಿ. 2023ರಲ್ಲಿ ಪ್ರಕಟವಾದ ಅಮೆರಿಕದ ಅಚೀವ್ ಅಧ್ಯಯನದಲ್ಲಿ 70ರಿಂದ 84 ವರ್ಷದ 977 ಮಂದಿಯನ್ನು ಮೂರು ವರ್ಷ ಗಮನಿಸಿದಾಗ, ಒಟ್ಟಾರೆ ಗುಂಪಿನಲ್ಲಿ ಶ್ರವಣ ಚಿಕಿತ್ಸೆಯಿಂದ ಆಲೋಚನಾ ಶಕ್ತಿಯ ಇಳಿಕೆ ನಿಧಾನವಾದದ್ದು ಕಂಡುಬರಲಿಲ್ಲ. ಮೊದಲೇ ಹೆಚ್ಚಿನ ಅಪಾಯವಿದ್ದ ಉಪಗುಂಪಿನಲ್ಲಿ ಮಾತ್ರ ಇಳಿಕೆಯ ವೇಗ ಶೇ 48ರಷ್ಟು ಕಡಿಮೆಯಾಗಿತ್ತು. ಸಾಧನವನ್ನು ಕೊಳ್ಳಲು ಇಷ್ಟೆಲ್ಲ ಭಯ ಹುಟ್ಟಿಸಬೇಕಾಗಿಯೂ ಇಲ್ಲ, ಮೊಮ್ಮಕ್ಕಳ ಮಾತು ಕೇಳಿಸುವುದೇ ಸಾಕಷ್ಟು ದೊಡ್ಡ ಕಾರಣ. ನಾವು ಅಲ್ಲಿ ಕೊಳ್ಳದೆ, ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋದೆವು. ಅಲ್ಲಿ ಹಲವು ಸಾಧನಗಳನ್ನು ಕಿವಿಗೆ ಹಾಕಿ, ಕೇಳಿಸಿ, ಹೋಲಿಸಿ ನೋಡಿದ ಮೇಲೆ ಸಾಮಾನ್ಯ ದರದ, ಕಿವಿಯ ಹಿಂದೆ ಕೂರುವ ಮಾದರಿಯೊಂದನ್ನು ಆರಿಸಿಕೊಂಡೆವು. ಮೈಸೂರಿನಲ್ಲಿ ಇರುವವರು ಈ ಸಂಸ್ಥೆಯನ್ನು ಬಿಟ್ಟು ಬೇರೆಡೆ ಮೊದಲು ಹೋಗಬೇಕಾದ ಅಗತ್ಯವೇ ಇಲ್ಲವೆಂದು ನನ್ನ ಅಭಿಪ್ರಾಯ. ಕಿವಿ ಮಿಷನ್ ಹಾಕಿದ ದಿನವೇ ಎಲ್ಲ ಸರಿಹೋಗುವುದಿಲ್ಲ. ಪಾತ್ರೆಯ ಸದ್ದು, ಫ್ಯಾನಿನ ಸದ್ದು, ತಮ್ಮದೇ ದನಿ ಎಲ್ಲವೂ ಮೊದಮೊದಲು ಕರ್ಕಶವೆನ್ನಿಸುತ್ತವೆ, ಮಿದುಳು ಅವಕ್ಕೆ ಮತ್ತೆ ಹೊಂದಿಕೊಳ್ಳಲು ಕೆಲವು ವಾರಗಳು ಬೇಕು. ದಿನಕ್ಕೆ ಸ್ವಲ್ಪ ಸ್ವಲ್ಪವೇ ಹೊತ್ತನ್ನು ಹೆಚ್ಚಿಸಿಕೊಳ್ಳಬೇಕು. ಈ ಮಾತನ್ನು ಯಾರೂ ಹೇಳದಿದ್ದಾಗಲೇ ಸಾಧನಗಳು ಬೀರುವಿನ ಡಬ್ಬಿ ಸೇರುವುದು.

ಕಣ್ಣಿನ ಪರೀಕ್ಷೆ ಚೊಕ್ಕವಾಗಿತ್ತು. ಎರಡೂ ಕಣ್ಣಿನಲ್ಲಿ ಪೊರೆ ಇದೆ, ಎಡಗಣ್ಣಿನದು ಶಸ್ತ್ರಚಿಕಿತ್ಸೆಗೆ ಸಿದ್ಧವಾಗಿದೆ ಎಂದು ತಿಳಿಯಿತು. ಅಕ್ಷರದ ಫಲಕವನ್ನು ಓದಿಸುವುದರ ಜೊತೆಗೆ, ಬೂದು ಬಣ್ಣದ ಮೇಲೆ ಮಸುಕು ಬೂದು ಬಣ್ಣದ ಗುರುತುಗಳನ್ನು ಗುರುತಿಸುವ ಪರೀಕ್ಷೆಯನ್ನೂ ಮಾಡಿದ್ದು ವಿಶೇಷ. ಮೆಟ್ಟಿಲಿನ ಅಂಚು, ಒದ್ದೆ ನೆಲ, ಹೊಸ್ತಿಲು ಇವೆಲ್ಲ ಕಾಣಬೇಕಾದರೆ ಬೇಕಾಗುವುದು ಈ ಶಕ್ತಿ. ಅರವತ್ತರ ಹೊತ್ತಿಗೆ ಪಾಪೆ ಕಿರಿದಾಗಿ, ಮಸೂರ ಹಳದಿಯಾಗಿ, ಕಣ್ಣಿನ ಒಳಪರದೆಗೆ ತಲುಪುವ ಬೆಳಕು ಇಪ್ಪತ್ತರ ಹರೆಯದಲ್ಲಿ ತಲುಪುತ್ತಿದ್ದುದರ ಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿದಿರುತ್ತದೆ. ಬಚ್ಚಲುಮನೆಯ ಹಾದಿಯಲ್ಲಿ ರಾತ್ರಿಯಿಡೀ ಒಂದು ದೀಪ ಉರಿಯಲಿ ಎಂದು ಅವರು ಸಲಹೆ ಕೊಟ್ಟರು. ಎರಡು ಭಾಗದ ಕನ್ನಡಕವನ್ನು ಮೆಟ್ಟಿಲಿಳಿಯುವಾಗ ಹಾಕಿಕೊಳ್ಳಬಾರದು, ಏಕೆಂದರೆ ಓದಲೆಂದು ಇರುವ ಕೆಳಭಾಗದ ಮೂಲಕ ನೋಡಿದರೆ ಮೆಟ್ಟಿಲು ಮಸುಕಾಗುತ್ತದೆ ಎಂಬುದನ್ನೂ ಎಚ್ಚರಿಸಿದರು.

ಸಮತೋಲನದ ಪರೀಕ್ಷೆಗೆ ಯಂತ್ರೋಪಕರಣಗಳೇನೂ ಬೇಕಾಗಲಿಲ್ಲ. ಒಂದು ಕುರ್ಚಿ, ಒಂದು ಗಡಿಯಾರ, ನೆಲದ ಮೇಲೆ ಮೂರು ಮೀಟರ್ ದೂರಕ್ಕೆ ಎಳೆದ ಗೆರೆ ಇಷ್ಟೇ. ಕುರ್ಚಿಯಿಂದ ಎದ್ದು, ಗೆರೆಯವರೆಗೆ ನಡೆದು, ತಿರುಗಿ ಬಂದು ಕೂರಬೇಕು. ಹನ್ನೆರಡು ಸೆಕೆಂಡುಗಳಿಗಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆಯೆಂದು ಪರಿಗಣಿಸುತ್ತಾರೆ. ಅತ್ತೆಯವರಿಗೆ ಹದಿನೇಳು ಹಿಡಿಯಿತು. ನಂತರ ಒಂದು ಪಾದದ ಹೆಬ್ಬೆರಳಿಗೆ ಇನ್ನೊಂದು ಪಾದದ ಹಿಮ್ಮಡಿ ತಾಗುವಂತೆ ಹತ್ತು ಸೆಕೆಂಡು ನಿಲ್ಲಿಸಿದರು. ಫಿಸಿಯೋಥೆರಪಿಸ್ಟ್ ಹುಡುಗ ಎರಡೂ ಕೈಗಳನ್ನು ಅವರ ಸೊಂಟದ ಬಳಿ ಹಿಡಿದು, "ಅಮ್ಮಾ, ನಾನಿದ್ದೀನಿ, ಬೀಳೋಕೆ ಬಿಡಲ್ಲ, ನಿಧಾನವಾಗಿ ನಿಂತ್ಕೊಳ್ಳಿ" ಎಂದು ಹೇಳುತ್ತಲೇ ಇದ್ದ ರೀತಿ ನನಗೆ ಬಹಳ ಹಿಡಿಸಿತು. ಪಾದದ ಅಡಿಗೆ ತೆಳುವಾದ ನೈಲಾನ್ ಎಳೆಯನ್ನು ಒತ್ತಿ, ಕಂಪಿಸುವ ಟ್ಯೂನಿಂಗ್ ಫೋರ್ಕನ್ನು ಹೆಬ್ಬೆರಳಿನ ಮೂಳೆಗೆ ತಾಗಿಸಿ ಸ್ಪರ್ಶದ ಅರಿವನ್ನು ಅಳೆದರು. ವರ್ಷಗಟ್ಟಲೆ ಇದ್ದ ಸಕ್ಕರೆ ಕಾಯಿಲೆಯಿಂದ ಅದು ಬಹಳ ಕುಂದಿತ್ತು. ಹವಾಯಿ ಚಪ್ಪಲಿ ಕಾಲಿನಿಂದ ಜಾರಿಹೋದರೂ ಅವರಿಗೆ ತಿಳಿಯದಿದ್ದುದು ಏಕೆಂದು ಆಗ ಅರ್ಥವಾಯಿತು. ಹಿಂದೆ ಪಟ್ಟಿಯಿರುವ, ತಳ ಜಾರದ ಚಪ್ಪಲಿಯನ್ನು ಬರೆದುಕೊಟ್ಟರು. ಕೈಗೋಲಿನ ಎತ್ತರ ಕೈಯನ್ನು ಇಳಿಬಿಟ್ಟಾಗ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು, ಅದನ್ನು ನೋಯುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು ಎಂಬುದೂ ನಮಗೆ ಹೊಸ ವಿಷಯವೇ ಆಗಿತ್ತು.

ಇನ್ನೊಂದು ಪರೀಕ್ಷೆಯಲ್ಲಿ ನಡೆಯುತ್ತಿರುವಾಗಲೇ ಮಾತನಾಡಿಸಿದರು. ಮನೆಯಲ್ಲಿ ಎಷ್ಟು ಹಸುಗಳಿದ್ದವು, ಅವುಗಳ ಹೆಸರೇನು ಎಂದು ಕೇಳಿದಾಗ ಅತ್ತೆಯವರು ಉತ್ತರಿಸಲೆಂದು ನಿಂತೇಬಿಟ್ಟರು. ನಡಿಗೆ ತಾನಾಗಿ ನಡೆಯುವ ಕ್ರಿಯೆಯಂತೆ ತೋರಿದರೂ ವಯಸ್ಸಾದಂತೆ ಅದಕ್ಕೆ ಮಿದುಳಿನ ಗಮನ ಹೆಚ್ಚು ಹೆಚ್ಚು ಬೇಕಾಗುತ್ತದೆ. ಗಮನ ಹಂಚಿಹೋದಾಗ ಕಾಲು ತಪ್ಪುತ್ತದೆ. ಹಿರಿಯರು ಮೆಟ್ಟಿಲಿಳಿಯುವಾಗ, ರಸ್ತೆ ದಾಟುವಾಗ ಅವರನ್ನು ಮಾತನಾಡಿಸಬಾರದು ಎಂಬ ಒಂದು ನಿಯಮವನ್ನು ನಮ್ಮ ಮನೆಯ ಮಕ್ಕಳೂ ಈಗ ಪಾಲಿಸುತ್ತಿದ್ದಾರೆ.

ನೆನಪು ಮತ್ತು ಆಲೋಚನೆಯ ಪರೀಕ್ಷೆಯ ಬಗ್ಗೆ ನಾನು ಹೆಚ್ಚು ಬರೆಯಬೇಕಾಗಿದೆ, ಏಕೆಂದರೆ ಸೇವೆಯ ಅತ್ಯಂತ ದುರ್ಬಲ ಭಾಗವೂ ಇದೇ, ಅದನ್ನು ಸರಿಪಡಿಸಿದ ಬಳಿಕ ಅತ್ಯಂತ ಉಪಯುಕ್ತವಾದದ್ದೂ ಇದೇ. ಪರೀಕ್ಷೆಗೆ ಕುಳಿತ ಯುವತಿಯ ಕೈಯಲ್ಲಿದ್ದ ನಮೂನೆ ಇಂಗ್ಲಿಷಿನದು. ಆಕೆ ಅದನ್ನು ಅಲ್ಲಲ್ಲೇ ಕನ್ನಡಕ್ಕೆ ತಿರುಗಿಸಿ ಕೇಳುತ್ತಿದ್ದರು. ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಎಂದಾಗ ಅತ್ತೆಯವರು ಎರಡನೆಯ ಸಲವೇ ಸುಮ್ಮನಾದರು. ಘನಾಕೃತಿಯನ್ನು ನೋಡಿ ಬರೆಯಿರಿ ಎಂದು ಪೆನ್ನು ಕೊಟ್ಟಾಗ ಅವರ ಕೈ ನಡುಗಿತು. ಅವರು ಪೆನ್ನು ಹಿಡಿಯುವುದೇ ಅಪರೂಪ. ಅಂಕಗಳು ಮೂವತ್ತಕ್ಕೆ ಹದಿನೇಳು ಬಂದವು. ಇದೇ ಅತ್ತೆಯವರು ಹಾಲಿನ ಡೇರಿಗೆ ಬೆಳಿಗ್ಗೆ, ಸಂಜೆ ಹಾಕಿದ ಹಾಲಿನ ಲೆಕ್ಕವನ್ನು ಬಾಯಲ್ಲೇ ಕೂಡಿಸಿ, ವಾರದ ಬಟವಾಡೆಯಲ್ಲಿ ಕೆಲವು ರೂಪಾಯಿ ಕಡಿಮೆ ಬಂದರೂ ಕಾರ್ಯದರ್ಶಿಯನ್ನು ಕೇಳುವವರು. ಶಾಲೆಯ ಓದು ಕಡಿಮೆಯಿರುವವರನ್ನು ಶಾಲೆಯ ಕೌಶಲಗಳಿಂದ ಅಳೆದರೆ ಬರುವ ಅಂಕ ಅವರ ಮಿದುಳಿನ ಸ್ಥಿತಿಯನ್ನು ಹೇಳುವುದಿಲ್ಲ. ಈ ಸಮಸ್ಯೆ ಹೊಸದೂ ಅಲ್ಲ. 1995ರಲ್ಲೇ ಹರಿಯಾಣದ ಬಲ್ಲಭಗಢದ ಹಳ್ಳಿಗರಿಗಾಗಿ, ಏಳನ್ನು ಕಳೆಯುವ ಬದಲು ವಾರದ ದಿನಗಳನ್ನು ಹಿಂದಿನಿಂದ ಹೇಳಿಸುವಂತಹ ಹಿಂದಿ ಪರೀಕ್ಷೆಯೊಂದನ್ನು ರೂಪಿಸಲಾಗಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪರೀಕ್ಷಾ ಸಂಪುಟ ಕನ್ನಡವೂ ಸೇರಿದಂತೆ ಐದು ಭಾರತೀಯ ಭಾಷೆಗಳಲ್ಲಿದೆ. ಇಷ್ಟೆಲ್ಲ ಇರುವಾಗ, ಕನ್ನಡ ನಾಡಿನ ನಡುವೆ ಇರುವ ಆಸ್ಪತ್ರೆಯೊಂದು ಕೂತಲ್ಲೇ ತರ್ಜುಮೆ ಮಾಡಿ ಒಬ್ಬರ ಬುದ್ಧಿಯನ್ನು ಅಳೆಯುವುದು ಒಪ್ಪತಕ್ಕದ್ದಲ್ಲ.

ನಾವು ಇದನ್ನು ವೈದ್ಯರ ಗಮನಕ್ಕೆ ತಂದೆವು. ಅವರು ಬೇಸರ ಮಾಡಿಕೊಳ್ಳಲಿಲ್ಲ ಎಂಬುದನ್ನು ಗೌರವದಿಂದ ಹೇಳಬೇಕು. ಆ ಅಂಕವನ್ನು ಬದಿಗಿಟ್ಟು, ಕಿವಿ ಮಿಷನ್ ರೂಢಿಯಾದ ಮೇಲೆ ಕನ್ನಡದ ಪರೀಕ್ಷೆಯನ್ನೇ ಮಾಡೋಣವೆಂದು ಮತ್ತೊಂದು ದಿನ ಕೊಟ್ಟರು. ಅದಕ್ಕೆ ಹೆಚ್ಚಿನ ಹಣವನ್ನೂ ಪಡೆಯಲಿಲ್ಲ. ಎರಡನೆಯ ಬಾರಿ ಪರೀಕ್ಷೆ ಬೇರೆಯೇ ರೀತಿಯಲ್ಲಿ ನಡೆಯಿತು. ಒಂದು ನಿಮಿಷದಲ್ಲಿ ಎಷ್ಟು ತರಕಾರಿಗಳ ಹೆಸರು ಹೇಳಬಲ್ಲಿರಿ ಎಂದರೆ ಅವರು ಹೀರೆಕಾಯಿ, ಪಡವಲಕಾಯಿ, ಸೋರೆಕಾಯಿ ಎಂದು ನಿಲ್ಲಿಸದೆ ಹೇಳಿದರು. ಸಂತೆಗೆ ಹೋಗಿ ತಂದ ಸಾಮಾನಿನ ಲೆಕ್ಕ ಸರಿಯಾಗಿ ಬಂತು. ಹತ್ತು ನಿಮಿಷದ ಹಿಂದೆ ಹೇಳಿದ ಪದಗಳಲ್ಲಿ ಕೆಲವು ಮರೆತಿದ್ದವು, ಆದರೆ ಸುಳಿವು ಕೊಟ್ಟೊಡನೆ ನೆನಪಿಗೆ ಬಂದವು. ವಯಸ್ಸಿನ ಸಹಜ ಬದಲಾವಣೆಗೂ ಮರೆಗುಳಿ ಕಾಯಿಲೆಗೂ ಇರುವ ಒಂದು ಮುಖ್ಯ ವ್ಯತ್ಯಾಸ ಇಲ್ಲಿದೆ ಎಂದು ವೈದ್ಯರು ವಿವರಿಸಿದರು. ವಯಸ್ಸಾದಂತೆ ಆಲೋಚನೆಯ ವೇಗ ತಗ್ಗುತ್ತದೆ, ಒಂದೇ ಹೊತ್ತಿನಲ್ಲಿ ಎರಡು ಕೆಲಸ ಮಾಡುವುದು ಕಷ್ಟವಾಗುತ್ತದೆ, ಗುರುತಿನವರ ಹೆಸರು ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ. ಆದರೆ ಶಬ್ದಭಂಡಾರ, ಲೋಕಜ್ಞಾನ, ಬಾಳಿನ ಅನುಭವದಿಂದ ಬಂದ ವಿವೇಚನೆ ಬಹುಮಟ್ಟಿಗೆ ಉಳಿಯುತ್ತವೆ. ಸುಳಿವು ಕೊಟ್ಟರೂ ನೆನಪಾಗದಿರುವುದು, ನಿತ್ಯದ ದಾರಿ ತಪ್ಪುವುದು, ದಶಕಗಳಿಂದ ಮಾಡಿದ ಅಡುಗೆಯ ಕ್ರಮವೇ ಕಲಸಿಹೋಗುವುದು ಬೇರೆಯ ವಿಷಯ, ಅದಕ್ಕೆ ತಡಮಾಡಬಾರದು. ನಮ್ಮ ದೇಶದಲ್ಲಿ ಅರವತ್ತು ದಾಟಿದವರ ಪೈಕಿ ಶೇ 7.4ರಷ್ಟು ಜನರಿಗೆ ಮರೆಗುಳಿ ಕಾಯಿಲೆಯಿದೆ ಎಂದು ದೇಶವ್ಯಾಪಿ ಸಮೀಕ್ಷೆಯೊಂದರ ಆಧಾರದ ಮೇಲೆ 2023ರಲ್ಲಿ ಅಂದಾಜಿಸಲಾಗಿದೆ. ಅದು ಸಣ್ಣ ಸಂಖ್ಯೆಯಲ್ಲ. ಆದರೆ ಉಳಿದವರಿಗೂ ಆ ಹಣೆಪಟ್ಟಿ ಹಚ್ಚುವುದು ನ್ಯಾಯವಲ್ಲ.

ಇಡೀ ಸೇವೆಯಲ್ಲಿ ಶ್ರೇಷ್ಠವಾದದ್ದು ಯಾವುದೆಂದು ಕೇಳಿದರೆ, ಔಷಧಿಗಳ ಪರಿಶೀಲನೆ ಎನ್ನುತ್ತೇನೆ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ಹಾಕಿಕೊಂಡು ಬರಲು ಮೊದಲೇ ತಿಳಿಸಿದ್ದರು. ಮೇಜಿನ ಮೇಲೆ ಸುರಿದಾಗ ಮೂವರು ವೈದ್ಯರು ಬೇರೆ ಬೇರೆ ಕಾಲದಲ್ಲಿ ಬರೆದ ಮಾತ್ರೆಗಳ ಜೊತೆಗೆ, ಅತ್ತೆಯವರು ಶೀತವಾದಾಗಲೆಲ್ಲ ಮೆಡಿಕಲ್ ಶಾಪಿನಿಂದ ತರಿಸಿಕೊಳ್ಳುತ್ತಿದ್ದ ಕ್ಲೋರ್‌ಫೆನಿರಮಿನ್ ಇರುವ ಮಾತ್ರೆಯೂ, ನಿದ್ದೆಗೆಂದು ಎಂದೋ ಆರಂಭವಾಗಿ ನಿಲ್ಲದೇ ಹೋದ ಆಲ್ಪ್ರಜೋಲಮ್ ಮಾತ್ರೆಯೂ ಹೊರಬಂದವು. ಮೊದಲನೆಯದು ಹಿರಿಯರಲ್ಲಿ ಮಂಕು, ಗೊಂದಲ, ಬಾಯಿ ಒಣಗುವುದನ್ನು ಉಂಟುಮಾಡುತ್ತದೆ. ಎರಡನೆಯದು ನೆನಪನ್ನೂ ನಡಿಗೆಯನ್ನೂ ಕೆಡಿಸುತ್ತದೆ. ನಿದ್ದೆಯ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಬಾರದು, ವಾರಗಳ ಅವಧಿಯಲ್ಲಿ ಇಳಿಸುತ್ತಾ ಬರಬೇಕು ಎಂದು ಕ್ರಮವನ್ನು ಬರೆದುಕೊಟ್ಟರು. ಮಲಗಿದ್ದಾಗಿನ ರಕ್ತದೊತ್ತಡಕ್ಕೂ ಎದ್ದು ನಿಂತ ಮೇಲಿನ ರಕ್ತದೊತ್ತಡಕ್ಕೂ ಇಪ್ಪತ್ತಕ್ಕಿಂತ ಹೆಚ್ಚಿನ ಇಳಿಕೆ ಕಂಡುಬಂದದ್ದರಿಂದ ಬಿ.ಪಿ. ಮಾತ್ರೆಯ ಪ್ರಮಾಣವನ್ನೂ ಹೊತ್ತನ್ನೂ ಬದಲಿಸಿದರು. ರಾತ್ರಿ ಗೋಡೆ ಹಿಡಿದು ನಡೆಯುತ್ತಿದ್ದುದಕ್ಕೆ ಇದೂ ಒಂದು ಕಾರಣವಾಗಿತ್ತು. ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಬಹುಕಾಲ ತೆಗೆದುಕೊಂಡವರಲ್ಲಿ ಬಿ12 ಜೀವಸತ್ವ ಕಡಿಮೆಯಾಗಬಹುದು, ಸಸ್ಯಾಹಾರಿಗಳಲ್ಲಿ ಇನ್ನೂ ಹೆಚ್ಚು, ಅದರ ಕೊರತೆ ಪಾದದ ಸ್ಪರ್ಶವನ್ನೂ ನೆನಪನ್ನೂ ಒಟ್ಟಿಗೇ ಕುಂದಿಸುತ್ತದೆ ಎಂದು ಹೇಳಿ ರಕ್ತ ಪರೀಕ್ಷೆ ಮಾಡಿಸಿದರು. ಕೊರತೆ ಇತ್ತು, ಚುಚ್ಚುಮದ್ದು ಆರಂಭವಾಯಿತು. ಇಂದ್ರಿಯ, ಸಮತೋಲನ, ಆಲೋಚನೆ ಈ ಮೂರನ್ನೂ ಒಬ್ಬರೇ ಒಟ್ಟಾಗಿ ನೋಡದಿದ್ದರೆ ಇದು ಹೊರಬೀಳುತ್ತಿರಲಿಲ್ಲ.

ಕೊರತೆಗಳು ಇನ್ನೂ ಇವೆ. ವಾಸನೆ ಮತ್ತು ರುಚಿಯ ಬಗ್ಗೆ ಅಲ್ಲಿ ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಎಪ್ಪತ್ತರ ನಂತರ ಮೂಗಿನ ಶಕ್ತಿ ಗಣನೀಯವಾಗಿ ಕುಗ್ಗುತ್ತದೆ. ಅಡುಗೆ ಅನಿಲ ಸೋರಿದ್ದು ತಿಳಿಯಲೆಂದೇ ಬೆರೆಸುವ ಮರ್ಕ್ಯಾಪ್ಟಾನ್‌ನ ದುರ್ವಾಸನೆ, ಹಳಸಿದ ಸಾರಿನ ವಾಸನೆ ಹಿರಿಯರ ಗಮನಕ್ಕೆ ಬಾರದೇ ಹೋಗಬಹುದು. ಸಪ್ಪೆಯೆನ್ನಿಸಿ ಉಪ್ಪು ಹೆಚ್ಚು ಹಾಕಿಕೊಂಡರೆ ರಕ್ತದೊತ್ತಡಕ್ಕೆ ತೊಂದರೆ. ವರ್ಷದಲ್ಲಿ ಕೆಲವು ತಿಂಗಳು ಹಳ್ಳಿಯ ಮನೆಯಲ್ಲಿ ಒಬ್ಬರೇ ಇದ್ದು ಅಡುಗೆ ಮಾಡಿಕೊಳ್ಳುವ ಅತ್ತೆಯವರಂಥವರಿಗೆ ಈ ಪ್ರಶ್ನೆ ಬಹಳ ಮುಖ್ಯ. ಮನೆಗೆ ಬಂದು ಬಚ್ಚಲು, ಮೆಟ್ಟಿಲು, ಹೊಸ್ತಿಲುಗಳನ್ನು ನೋಡುವ ವ್ಯವಸ್ಥೆಯೂ ಇಲ್ಲ. ವರದಿ ಹನ್ನೊಂದು ಪುಟಗಳಷ್ಟಿದ್ದು ಪೂರ್ತಿ ಇಂಗ್ಲಿಷಿನಲ್ಲಿದೆ. ಕನ್ನಡದಲ್ಲಿ ದೊಡ್ಡ ಅಕ್ಷರಗಳಲ್ಲಿ ಒಂದು ಪುಟ ಕೊಟ್ಟಿದ್ದರೆ ಅತ್ತೆಯವರು ತಾವೇ ಓದಿಕೊಳ್ಳುತ್ತಿದ್ದರು. ಕಾಯುವ ಕೋಣೆಯ ಸೋಫಾಗಳು ತೀರ ತಗ್ಗು, ಕೈಯಾನಿಕೆಯಿಲ್ಲ, ಏಳಲು ಪ್ರತಿ ಬಾರಿಯೂ ಇನ್ನೊಬ್ಬರ ಕೈ ಬೇಕು, ಗೋಡೆಯ ಟಿ.ವಿ. ನಿರಂತರವಾಗಿ ಗದ್ದಲ ಮಾಡುತ್ತಿರುವುದರಿಂದ ಕರೆದ ಹೆಸರು ಕಿವಿ ಮಂದವಿರುವವರಿಗೆ ಕೇಳಿಸುವುದೇ ಇಲ್ಲ. ನನ್ನನ್ನು ಎಲ್ಲಕ್ಕಿಂತ ನೋಯಿಸಿದ್ದು, ನೋಂದಣಿಯ ಮೇಜಿನಲ್ಲಿದ್ದವರು ಅತ್ತೆಯವರ ಎದುರೇ "ಇವರಿಗೆ ಏನು ತೊಂದರೆ?" ಎಂದು ನನ್ನನ್ನು ಕೇಳಿದ್ದು. ಉತ್ತರ ಹೇಳಬಲ್ಲವರು ಅಲ್ಲೇ ಕುಳಿತಿರುವಾಗ ಅವರನ್ನೇ ಕೇಳಬೇಕು. ವೈದ್ಯರೂ ಫಿಸಿಯೋಥೆರಪಿಸ್ಟರೂ ಹಾಗೆಯೇ ಕೇಳಿದರು, ಆದ್ದರಿಂದ ಆ ಆಸ್ಪತ್ರೆಗೆ ಈ ನಡತೆ ತಿಳಿಯದ್ದೇನಲ್ಲ.

ಇಷ್ಟಾದರೂ ಈ ತಪಾಸಣೆಯನ್ನು ನಾನು ಎಲ್ಲರಿಗೂ ಶಿಫಾರಸು ಮಾಡುತ್ತೇನೆ, ವಿಶೇಷವಾಗಿ ಎಪ್ಪತ್ತು ದಾಟಿದವರಿಗೆ, ಕಳೆದ ಒಂದು ವರ್ಷದಲ್ಲಿ ಒಮ್ಮೆಯಾದರೂ ಬಿದ್ದವರಿಗೆ, ದಿನಕ್ಕೆ ಐದಕ್ಕಿಂತ ಹೆಚ್ಚು ಬಗೆಯ ಮಾತ್ರೆ ನುಂಗುವವರಿಗೆ. ಶುಲ್ಕ ಭರಿಸಲಾಗದವರು ಜಿಲ್ಲಾ ಆಸ್ಪತ್ರೆಯಲ್ಲಿ ಹಿರಿಯರ ಚಿಕಿತ್ಸಾ ಘಟಕದ ಬಗ್ಗೆ ವಿಚಾರಿಸಬೇಕು. ನೆನಪಿನ ತೊಂದರೆ ಹೆಚ್ಚಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಬಿ.ಪಿ.ಎಲ್. ಕುಟುಂಬದ ಹಿರಿಯರಿಗೆ ಕನ್ನಡಕ, ಕೈಗೋಲು, ಶ್ರವಣ ಸಾಧನಗಳನ್ನು ಉಚಿತವಾಗಿ ಕೊಡುವ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದ ಇದೆ. ಮಾಹಿತಿಗೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು. ಖಾಸಗಿ ಆಸ್ಪತ್ರೆಗೆ ಹೋಗುವವರು ಹೆಸರು ನೋಂದಾಯಿಸುವಾಗಲೇ ನೆನಪಿನ ಪರೀಕ್ಷೆ ಕನ್ನಡದಲ್ಲಿದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ, ಬೆಳಗಿನ ಮೊದಲ ಸಮಯವನ್ನೇ ಕೇಳಿ, ಏಕೆಂದರೆ ಮಧ್ಯಾಹ್ನದ ಹೊತ್ತಿಗೆ ಹಿರಿಯರು ದಣಿದು ಅಂಕಗಳು ಇಳಿಯುತ್ತವೆ. ಮನೆಯಲ್ಲಿರುವ ಎಲ್ಲ ಮಾತ್ರೆಗಳು, ಹಳೆಯ ಮತ್ತು ಹೊಸ ಕನ್ನಡಕಗಳು, ನಿತ್ಯ ತೊಡುವ ಚಪ್ಪಲಿ, ಬಳಸುತ್ತಿರುವ ಕೈಗೋಲು, ನಡುವೆ ತಿನ್ನಲು ಏನಾದರೂ ತಿಂಡಿ ಇಷ್ಟನ್ನೂ ಜೊತೆಗೆ ಒಯ್ಯಿರಿ.